ರೋಜಾ ಹಿಡಿದ ಮಕ್ಕಳು



ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಲು ನಮ್ಮ ಸೀಮೆಯಲ್ಲಿ ಎಲ್ಲ ಜಾತಿಯವರೂ ಸೇರುತ್ತಾರೆ. ಆದರೆ ರಂಜಾನ್ ಬಂದರೆ ರೋಜಾ ಹಿಡಿದ ಹುಡುಗನನ್ನು, "ನೀರೂ ಕುಡಿಯಂಗಿಲ್ಲೇನು?" ಅಂತ ಇಂದಿಗೂ ಕೇಳುತ್ತಾರೆ. ಕೇಳಲಿ, ಒಳ್ಳೆಯದೇ. ನಸುಕಿಗೆ ಮುಂಚೆ ಸಹರಿ ಉಂಡರೆ ಹೊತ್ತು ಮುಳುಗುವ ತನಕ ಹನಿ ನೀರೂ ಇಲ್ಲ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ವಿನಾಯಿತಿ ಉಂಟು. ಬಿಟ್ಟ ದಿನಗಳನ್ನು ಆಮೇಲೆ ಪೂರೈಸುತ್ತಾರೆ.

ಹಿಜರಿ ವರ್ಷಕ್ಕೆ ಸುಮಾರು 354 ದಿನ, ಅಧಿಕಮಾಸವಿಲ್ಲ. ಹಾಗಾಗಿ ರಂಜಾನ್ ವರ್ಷವರ್ಷವೂ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. 2024, 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೇ ಕೂಡಿ ಬಂತು. ಬಳ್ಳಾರಿ ಬಿಸಿಲು ಗೊತ್ತೇ ಇದೆಯಲ್ಲ!

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಆ ತಿಂಗಳು ಆಟದ ಪಿರಿಯಡ್‌ನಲ್ಲಿ ರೋಜಾ ಮಕ್ಕಳನ್ನು ಓಡಿಸದೆ ನೆರಳಿಗೆ ಕೂರಿಸಿ. ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಅವರು ಕೂತು ಓದಲು ಒಂದು ಕೋಣೆ ತೆರೆದಿಡಿ.