ಗುರುವಿನ ಕೈಯಲ್ಲಿರುವ ಲೇಖನಿ

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ವಿಜ್ಞಾನವು ಪುರಾವೆಗೆ ತಲೆಬಾಗುತ್ತದೆಯೇ ಹೊರತು ಪದವಿಗಲ್ಲ ಎಂಬುದು ನಮ್ಮೆಲ್ಲರ ನಂಬಿಕೆ. ವಿಜ್ಞಾನ ಸಂಸ್ಥೆಗಳು ಸದಾ ಹಾಗೆ ನಡೆದುಕೊಂಡಿಲ್ಲ ಎನ್ನುವುದಕ್ಕೆ ಎರಡು ನಿದರ್ಶನಗಳು ಸಾಕು.

ಮೊದಲನೆಯದು ನಾವು ಅಭಿಮಾನಪಡುವ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನದು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ ಕಮಲಾ ಭಾಗವತ್ ಅಲ್ಲಿಗೆ ಪ್ರವೇಶ ಬೇಡಿದರು. ನಿರ್ದೇಶಕ ಸರ್ ಸಿ. ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಆಕೆ ಸತ್ಯಾಗ್ರಹ ಹೂಡಿದ ಮೇಲೆ ಪ್ರವೇಶ ದೊರೆಯಿತು. ಆದರೆ ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ. ಜೊತೆಗೆ, ಆಕೆಯ ಇರುವಿಕೆಯಿಂದ ಪುರುಷರ ಚಿತ್ತ ಚಂಚಲವಾಗಬಾರದೆಂಬ ಷರತ್ತು! ಆಕೆ 1939ರಲ್ಲಿ ಕೇಂಬ್ರಿಜಿನ ಡಾಕ್ಟರೇಟ್ ಪಡೆದು, ಕಮಲಾ ಸೋಹೋನಿ ಎಂದು ಹೆಸರಾದರು. ದಶಕಗಳು ಕಳೆದರೂ ಆ ಅವಮಾನವನ್ನು ಮರೆಯಲಿಲ್ಲ. ರಾಮನ್ ಮಹಾವಿಜ್ಞಾನಿ ಎಂಬುದು ನಿರ್ವಿವಾದ. ಆದರೆ ಮೇಧಾವಿತನವು ನ್ಯಾಯಬುದ್ಧಿಗೆ ಜಾಮೀನಲ್ಲ.

ಎರಡನೆಯದು ನಮ್ಮ ನೆರೆಯ ಪೂಸಾದ ಕೃಷಿ ಸಂಶೋಧನಾ ಸಂಸ್ಥೆಯದು. 1972ರ ಮೇ ತಿಂಗಳಲ್ಲಿ ಅಲ್ಲಿನ ವಿಜ್ಞಾನಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ನೇಮಕಾತಿಯಲ್ಲಿನ ಅನ್ಯಾಯವನ್ನೂ, ಮೇಲಿನವರ ಅಭಿಮತಕ್ಕೆ ಒಗ್ಗುವಂತೆ ಅಂಕಿಅಂಶಗಳು ಸಿದ್ಧವಾಗುತ್ತಿವೆ ಎಂಬ ಆರೋಪವನ್ನೂ ಅವರು ಪತ್ರದಲ್ಲಿ ಬರೆದಿಟ್ಟಿದ್ದರು. ವಿಚಾರಣಾ ಸಮಿತಿಗೆ ಅಧ್ಯಕ್ಷರಾದವರು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರ್. ಪರಿಣಾಮವಾಗಿ 1973ರಲ್ಲಿ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ ಸ್ಥಾಪನೆಯಾಯಿತು. ಒಂದು ಮಂಡಳಿ ಹುಟ್ಟಲು ಒಂದು ಜೀವ ಹೋಗಬೇಕಾಯಿತೆ?

ಇತರ ಕಚೇರಿಗಳಲ್ಲಿ ಮೇಲಧಿಕಾರಿ ಬದಲಾಗುತ್ತಾನೆ, ನೌಕರನಿಗೂ ವರ್ಗಾವಣೆಯುಂಟು. ಸಂಶೋಧನೆಯಲ್ಲಾದರೋ ವಿಷಯ, ಉಪಕರಣ, ಪ್ರಬಂಧದಲ್ಲಿ ಹೆಸರು, ಮುಂದಿನ ಕೆಲಸದ ಶಿಫಾರಸು ಪತ್ರ, ಎಲ್ಲವೂ ಒಬ್ಬ ಗುರುವಿನ ಲೇಖನಿಯಲ್ಲಿದೆ. ದೂರು ಕೊಟ್ಟರೆ ಐದು ವರ್ಷದ ದುಡಿಮೆ ಮಣ್ಣುಪಾಲಾದೀತೆಂಬ ಭಯವೇ ಅಲ್ಲಿಯ ಮೌನಕ್ಕೆ ಕಾರಣ.

ಈ ಮರ್ಮವನ್ನು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅರಿತಿದೆ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅದಕ್ಕೆ ಮಹಿಳೆಯೇ ಅಧ್ಯಕ್ಷೆ. ಹೊರಗಿನ ಸದಸ್ಯರೊಬ್ಬರು ಇರಲೇಬೇಕು. 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ಅದಕ್ಕಿಂತ ಮುಖ್ಯವಾಗಿ, ವಿಚಾರಣೆ ನಡೆಯುವಾಗ ಆರೋಪಿತನು ಆಕೆಯ ಗೋಪ್ಯ ವರದಿ ಬರೆಯದಂತೆ, ಆಕೆಯ ವ್ಯಾಸಂಗದ ಮೇಲ್ವಿಚಾರಣೆ ನಡೆಸದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಅಂದರೆ, ಲೇಖನಿಯನ್ನು ಆ ಕೈಯಿಂದ ತೆಗೆದಿಡಬಹುದು.

ಆದರೆ ಆ ಕಾಯ್ದೆಯ ವ್ಯಾಪ್ತಿ ಲೈಂಗಿಕ ಕಿರುಕುಳಕ್ಕೆ ಸೀಮಿತ. ಶಿಷ್ಯನ ಸಂಶೋಧನೆಯನ್ನು ತನ್ನದೆನ್ನುವ, ಒಲ್ಲದ ಅಂಕಿ ಬರೆಸುವ, ವರ್ಷಗಟ್ಟಲೆ ಸಹಿ ಹಾಕದೆ ಸತಾಯಿಸುವ ದರ್ಪಕ್ಕೂ ಇಂಥದೇ ತಡೆ ಬೇಕು: ಸಂಸ್ಥೆಯ ಹೊರಗಿನ ಒಂದು ಕಿವಿ, ಬದಲಿ ಮಾರ್ಗದರ್ಶಕ, ಕಾಲಮಿತಿ.

ಹೊರನಾಡಿನಲ್ಲಿ ಕಷ್ಟಪಟ್ಟು ಮಕ್ಕಳನ್ನು ಓದಿಸಿದ ತಂದೆತಾಯಿಯರು ಇಲ್ಲಿದ್ದೀರಿ. ಮಗಳು ಪ್ರಯೋಗಾಲಯದಿಂದ ಬಾಡಿದ ಮುಖದೊಡನೆ ಬಂದರೆ "ಗುರುಗಳಲ್ಲವೆ, ಸಹಿಸಿಕೊ" ಎನ್ನಬೇಡಿ. ನಡೆದುದನ್ನು ದಿನಾಂಕ ಸಹಿತ ಬರೆದಿಡಲು ಹೇಳಿ. ಕಾಯ್ದೆಯಡಿ ದೂರಿಗೆ ಸಾಮಾನ್ಯ ಅವಧಿ ಮೂರು ತಿಂಗಳು ಮಾತ್ರ ಎಂಬುದನ್ನೂ ನೆನಪಿಸಿ. ಗುರುಭಕ್ತಿ ದೊಡ್ಡದು, ಆದರೆ ಭಯಕ್ಕೆ ಭಕ್ತಿಯೆಂದು ಹೆಸರಿಡುವುದು ಸಲ್ಲದು.