ಸಾಲಿಗ್ರಾಮದ ಚಕ್ರ, ನಮ್ಮೂರ ಬಂಡೆ



ಕೆಲವರ ಮನೆಯ ದೇವರ ಪೆಟ್ಟಿಗೆಯಲ್ಲಿ ಕಪ್ಪಗೆ, ನುಣುಪಾಗಿರುವ ಸಾಲಿಗ್ರಾಮವನ್ನು ನೀವು ಕಂಡಿರಬಹುದು. ನೇಪಾಳದ ಗಂಡಕಿ ನದಿಯಿಂದ ಬರುವ ಈ ಕಲ್ಲುಗಳಲ್ಲಿ ಅನೇಕವು ತಮ್ಮೊಳಗೆ ಒಂದು ಚಕ್ರವನ್ನು ಅಡಗಿಸಿಕೊಂಡಿರುತ್ತವೆ. ಭಕ್ತರಿಗೆ ಅದು ವಿಷ್ಣುವಿನ ಚಕ್ರ. ಭೂವಿಜ್ಞಾನಿಗಳಿಗೆ ಅದು ಅಮೊನೈಟ್ ಎಂಬ ಜೀವಿಯ ಪಳೆಯುಳಿಕೆ. ಹಿಮಾಲಯ ಹುಟ್ಟುವ ಮೊದಲು ಅಲ್ಲಿದ್ದ ಕಡಲಿನಲ್ಲಿ ಬಾಳಿದ ಈ ಚಿಪ್ಪುಜೀವಿ ಆಕ್ಟೋಪಸ್‌ನ ದೂರದ ನೆಂಟ.

ಅಮೊನೈಟ್‌ಗಳ ಚಿಪ್ಪಿನ ಆಕಾರ ಬಹು ಬೇಗ ಬದಲಾಗುತ್ತಿತ್ತು. ಹಳೆಯ ಜಾತಿ ಅಳಿದು ಹೊಸದು ಬರುತ್ತಿತ್ತು. ಜೊತೆಗೆ ಅವು ದೂರದೂರದ ಕಡಲುಗಳಿಗೆ ಹರಡಿದ್ದವು. ಆದ್ದರಿಂದ ಎರಡು ದೂರದ ಊರುಗಳ ಶಿಲಾಪದರಗಳಲ್ಲಿ ಒಂದೇ ಜಾತಿ ಸಿಕ್ಕಿದರೆ, ಆ ಪದರಗಳು ಸರಿಸುಮಾರು ಒಂದೇ ಕಾಲದವು. ಜರ್ಮನಿಯ ಆಲ್ಬರ್ಟ್ ಓಪೆಲ್ 1856–58ರಲ್ಲಿ ಈ ಸೂತ್ರ ಹಿಡಿದು ಯೂರೋಪಿನ ಜುರಾಸಿಕ್ ಪದರಗಳನ್ನು ವಲಯಗಳಾಗಿ ವಿಂಗಡಿಸಿದ. ನಮ್ಮ ದೇಶದಲ್ಲಿ ವಿಲ್ಹೆಲ್ಮ್ ವಾಗೆನ್ 1870ರ ದಶಕದಲ್ಲಿ ಕಚ್ಛ್‌ನ ಅಮೊನೈಟ್‌ಗಳನ್ನು ವರ್ಣಿಸಿದ. ಅಲ್ಲಿ ದೊರೆಯುವ ಮ್ಯಾಕ್ರೊಸೆಫಲೈಟಿಸ್ ಯೂರೋಪಿನಲ್ಲೂ ದೊರೆಯುತ್ತದೆ. ಎರಡು ಖಂಡಗಳ ಪದರಗಳನ್ನು ಹೋಲಿಸಲು ಇಷ್ಟು ಸಾಕು. ಸುಮಾರು 20 ಕೋಟಿಯಿಂದ 14.5 ಕೋಟಿ ವರ್ಷಗಳ ಹಿಂದಿನ ಜುರಾಸಿಕ್ ಕಾಲವನ್ನು ಹೀಗೆ, ಸರಾಸರಿ 10 ಲಕ್ಷ ವರ್ಷಕ್ಕೂ ಕಡಿಮೆ ಅವಧಿಯ ತುಣುಕುಗಳಾಗಿ ಓದಬಹುದು.

ಆದರೆ ಅಮೊನೈಟ್ ಹೇಳುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ. ವರ್ಷಗಳ ಲೆಕ್ಕವನ್ನು ಜ್ವಾಲಾಮುಖಿಯ ಬೂದಿಯ ಪದರದಲ್ಲಿರುವ ವಿಕಿರಣಶೀಲ ಧಾತುಗಳು ಕೊಡುತ್ತವೆ.

ಈಗ ಇಂದಿನ ವಿಜಯನಗರ ಜಿಲ್ಲೆಯತ್ತ ಬನ್ನಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಬಂಡೆಗಳಲ್ಲಿ ಅಮೊನೈಟ್ ಹುಡುಕಿದರೆ ಸಿಕ್ಕೀತೇ? ಸಿಗದು. ಕೆರೆಯ ಹೂಳಿನಲ್ಲಿ ಸುರುಳಿ ಚಿಪ್ಪು ಕಂಡರೆ ಅದು ಇತ್ತೀಚಿನ ಬಸವನಹುಳುವಿನದು. ಇಲ್ಲಿನ ನೆಲದಡಿ ಬಹುಮಟ್ಟಿಗೆ ಇರುವುದು ನೈಸ್, ಗ್ರಾನೈಟ್ ಮತ್ತು ಶಿಸ್ಟ್ ಶಿಲೆಗಳು. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವು ಇನ್ನೂ ಹಳೆಯವು. ಚಿಪ್ಪಿನ ಪ್ರಾಣಿಗಳು ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆಯಷ್ಟೇ. ನೆರೆಯ ಸಂಡೂರು ಶಿಲಾಪಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಗುರುತುಗಳಿವೆ. ಆದರೆ ಅವುಗಳ ರೂಪ ಕೋಟ್ಯಂತರ ವರ್ಷ ಹೆಚ್ಚು ಬದಲಾಗಲಿಲ್ಲ. ಬದಲಾಗದ್ದು ಒಳ್ಳೆಯ ಗಡಿಯಾರವಾಗದು.

ಹಾಗಾದರೆ ಈ ಬಂಡೆಗಳ ವಯಸ್ಸು ತಿಳಿದದ್ದು ಹೇಗೆ? ಗ್ರಾನೈಟ್‌ನೊಳಗೆ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಕರಗಿದ ಶಿಲೆ ತಣಿಯುವಾಗ ಈ ಹರಳು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುತೇಕ ಹೊರಗಿಡುತ್ತದೆ. ಯುರೇನಿಯಂ–238ರಲ್ಲಿ ಅರ್ಧಭಾಗ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಈಗ ಒಳಗಿರುವ ಸೀಸವನ್ನೂ ಉಳಿದ ಯುರೇನಿಯಂ ಅನ್ನೂ ಅಳೆದರೆ ಹರಳು ಹುಟ್ಟಿದ ಕಾಲ ತಿಳಿಯುತ್ತದೆ.

ಪಠ್ಯಪುಸ್ತಕದ ಪಳೆಯುಳಿಕೆ ನಮ್ಮೂರಲ್ಲಿ ಇಲ್ಲವೆಂದು ಬೇಸರ ಬೇಡ. ಕಲ್ಲಿನ ವಯಸ್ಸು ಕೇಳುವ ಮುನ್ನ ಅದು ಎಂತಹ ಕಲ್ಲು ಎಂದು ಕೇಳಿ. ಯಾವ ಗಡಿಯಾರ ನೋಡಬೇಕೆಂಬುದು ಆಗ ತಾನಾಗಿಯೇ ತಿಳಿಯುತ್ತದೆ.