ಅನುದಾನವು ಬೀರುವಿನಲ್ಲಿ ಉಳಿಯದಿರಲಿ

(ಬಸವನಗುಡಿಯಲ್ಲಿ ನಡೆದ ಗಣಿತ ಮತ್ತು ವಿಜ್ಞಾನ ಶಿಕ್ಷಕರ ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಪಠ್ಯ)



ವಿಜ್ಞಾನವನ್ನು ಜನರ ಬಳಿಗೆ ಕೊಂಡೊಯ್ಯುವ ಕಾರ್ಯಕ್ಕೆ ಬೆಂಗಳೂರಿನಲ್ಲಿ ದೀರ್ಘ ಪರಂಪರೆಯಿದೆ. ಸೆಂಟ್ರಲ್ ಕಾಲೇಜಿನ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಸೇರಿ, ಶತಮಾನಕ್ಕೂ ಹಿಂದೆಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಿನ ಹಂಬಲ ಹೊತ್ತು ಕಾಲ್ನಡಿಗೆಯಲ್ಲಿ ಈ ನಗರಕ್ಕೆ ಬಂದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಇದೇ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು. ಅಲ್ಲಿ ವಾರವಾರವೂ ಉಪನ್ಯಾಸಗಳು ನಡೆದುಬಂದವು. ಆಸಕ್ತಿಯಿದ್ದ ಯಾರೇ ಆದರೂ ಹೋಗಿ ಕುಳಿತು ಕೇಳಬಹುದಾಗಿತ್ತು. ಆ ಕಾರ್ಯದ ಬಲವಿದ್ದದ್ದು ಅದರ ನಿರಂತರತೆಯಲ್ಲಿ.

ಇಂದು ಈ ಕಾರ್ಯಕ್ಕೆ ಸರ್ಕಾರದ ಬೆಂಬಲವೂ ದೊರೆತಿದೆ. 2015ರ ಜುಲೈ 9ರಂದು ಚಾಲನೆ ಪಡೆದ ರಾಷ್ಟ್ರೀಯ ಆವಿಷ್ಕಾರ್ ಅಭಿಯಾನವು 6ರಿಂದ 18 ವರ್ಷದ ಮಕ್ಕಳಲ್ಲಿ ವಿಜ್ಞಾನ, ಗಣಿತ ಮತ್ತು ತಂತ್ರಜ್ಞಾನಗಳ ಆಸಕ್ತಿಯನ್ನು ಬೆಳೆಸುವ ಉದ್ದೇಶದ್ದು. ಉನ್ನತ ಶಿಕ್ಷಣ ಸಂಸ್ಥೆಗಳು ಶಾಲೆಗಳಿಗೆ ಮಾರ್ಗದರ್ಶಕರಾಗಬೇಕೆಂಬುದು ಅದರ ಆಶಯ. ಸಮಗ್ರ ಶಿಕ್ಷಣ ಯೋಜನೆಯಡಿ ಇದು ಮುಂದುವರಿದಿದ್ದು, ಆ ಯೋಜನೆಯ ವೆಚ್ಚವನ್ನು ನಮ್ಮ ರಾಜ್ಯದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಪ್ರಮಾಣದಲ್ಲಿ ಭರಿಸುತ್ತವೆ. ಇದಲ್ಲದೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಕ್ಕೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ನೀಡುವ ವ್ಯವಸ್ಥೆಯೂ ರೂಪುಗೊಂಡಿತು.

ಆದರೆ ಹಣ ಬಿಡುಗಡೆಯಾದ ಮಾತ್ರಕ್ಕೆ ಸಹಭಾಗಿತ್ವ ಏರ್ಪಡುವುದಿಲ್ಲ. ಒಮ್ಮೆ ಶಾಲೆಯೊಂದರ ತಪಾಸಣೆಗೆ ಹೋಗಿದ್ದೆ. ದಾಸ್ತಾನು ವಹಿ ಅಚ್ಚುಕಟ್ಟಾಗಿತ್ತು, ಬಳಕೆ ಪ್ರಮಾಣಪತ್ರವೂ ಸಲ್ಲಿಕೆಯಾಗಿತ್ತು. ಬೀರು ತೆರೆಸಿ ನೋಡಿದರೆ ಸೂಕ್ಷ್ಮದರ್ಶಕದ ಪೆಟ್ಟಿಗೆಯ ಮೊಹರು ಇನ್ನೂ ಒಡೆದಿರಲಿಲ್ಲ. ಕಾರಣ ಕೇಳಿದಾಗ ಶಿಕ್ಷಕಿಯೊಬ್ಬರು ಮೆಲ್ಲನೆ, “ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರಲ್ಲವೇ ಸಾರ್?” ಎಂದರು. ಆಕೆಯನ್ನು ಆಕ್ಷೇಪಿಸಲು ನನಗೆ ಬಾಯಿ ಬರಲಿಲ್ಲ. ಆ ಭಯವನ್ನು ಬಿತ್ತಿದವರಲ್ಲಿ ನಮ್ಮಂತಹ ಅಧಿಕಾರಿಗಳೂ ಇದ್ದೇವೆ. ವಸ್ತು ಇದೆಯೇ ಎಂದು ನಾವು ಕೇಳಿದೆವು. ಮಗು ಅದರಲ್ಲಿ ಏನನ್ನು ಕಂಡಿತು ಎಂದು ಕೇಳಲಿಲ್ಲ.

ಈ ಭಯಕ್ಕೆ ಮದ್ದು ಶಿಕ್ಷಕರ ಕೈಗೆ ಅಭ್ಯಾಸವಾಗುವುದು. ಮಲ್ಲೇಶ್ವರಂನ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯು ಚಳ್ಳಕೆರೆ ಸಮೀಪದ ಕುದಾಪುರದಲ್ಲಿ ಪ್ರತಿಭಾ ಅಭಿವೃದ್ಧಿ ಕೇಂದ್ರವನ್ನು ನಡೆಸುತ್ತಿದೆ. ಅಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರು ಪ್ರಯೋಗಗಳನ್ನು ಸ್ವತಃ ಮಾಡಿ ಕಲಿಯುತ್ತಾರೆ. ವಿಶ್ವವಿದ್ಯಾಲಯವು ಶಾಲೆಗೆ ಕೊಡಬಹುದಾದ ಅತ್ಯುತ್ತಮ ಕೊಡುಗೆ ಇದೇ ಎಂದು ನಾನು ಭಾವಿಸುತ್ತೇನೆ.

ಎಲ್ಲ ಪ್ರಯೋಗಗಳಿಗೂ ಹಣ ಬೇಕೆಂದೇನೂ ಇಲ್ಲ. ಒಂದು ಮೀಟರ್ ದಾರದ ತುದಿಗೆ ಕಲ್ಲು ಕಟ್ಟಿ ಮೆಲ್ಲನೆ ತೂಗಿಬಿಟ್ಟರೆ ಇಪ್ಪತ್ತು ಆಂದೋಲನಗಳಿಗೆ ಸುಮಾರು 40 ಸೆಕೆಂಡು ಹಿಡಿಯುತ್ತದೆ. ದಾರವನ್ನು ಕಾಲು ಭಾಗಕ್ಕೆ ಇಳಿಸಿದರೆ ಸಮಯ ಅರ್ಧವಾಗುತ್ತದೆ. ಕಾಲು ಏಕೆ ಅರ್ಧವಾಯಿತು ಎಂದು ಮಗು ಕೇಳಿದ ಕ್ಷಣದಲ್ಲೇ ವರ್ಗಮೂಲದ ಪಾಠ ಆರಂಭವಾಗುತ್ತದೆ. ಅಂತಹ ಪ್ರಶ್ನೆಗೆ ಶಿಕ್ಷಕರ ಜೊತೆ ನಿಂತು ಉತ್ತರ ಹುಡುಕುವವರೇ ನಿಜವಾದ ಮಾರ್ಗದರ್ಶಕರು.

ಆದ್ದರಿಂದ ತಮ್ಮಲ್ಲಿ ಮೂರು ಕೋರಿಕೆಗಳಿವೆ. ಮೊದಲನೆಯದಾಗಿ, ಪ್ರತಿ ಶಾಲೆಯ ಕ್ರಿಯಾ ಯೋಜನೆಯಲ್ಲಿ ಉಪಕರಣಗಳ ಪಟ್ಟಿಯ ಜೊತೆಗೆ, ಪ್ರಾಧ್ಯಾಪಕರು ಶಾಲೆಗೆ ಬರುವ ಮತ್ತು ಮಕ್ಕಳು ಕಾಲೇಜಿನ ಪ್ರಯೋಗಾಲಯಕ್ಕೆ ಹೋಗುವ ದಿನಾಂಕಗಳೂ ಇರಲಿ. ಎರಡನೆಯದಾಗಿ, ದಾಸ್ತಾನು ವಹಿಯ ಪಕ್ಕದಲ್ಲಿ ಒಂದು ಬಳಕೆ ವಹಿಯನ್ನೂ ಇಡಿ; ಯಾವ ದಿನ, ಯಾವ ತರಗತಿ, ಯಾವ ಪ್ರಯೋಗ ಎಂಬುದನ್ನು ಮಕ್ಕಳೇ ಬರೆಯಲಿ. ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಓದಿ. ಮೂರನೆಯದು ತಪಾಸಣೆಗೆ ಹೋಗುವ ನನ್ನ ಸಹೋದ್ಯೋಗಿಗಳಿಗೆ. ಪಾಠ ಮಾಡುವಾಗ ಒಡೆದ ಗಾಜಿಗಾಗಿ ಶಿಕ್ಷಕರನ್ನು ಅಪರಾಧಿಗಳಂತೆ ಕಾಣಬೇಡಿ. ವರ್ಷವಿಡೀ ಬೀರುವಿನಲ್ಲೇ ಉಳಿದ ಗಾಜಿನ ಬಗ್ಗೆ ವಿವರಣೆ ಕೇಳಿ.

ಅನುದಾನಕ್ಕೆ ಆರ್ಥಿಕ ವರ್ಷದ ಮಿತಿಯಿದೆ. ಕಾಲೇಜಿಗೂ ಶಾಲೆಗೂ ನಡುವೆ ಬೆಳೆದ ಬಾಂಧವ್ಯ ಮಾರ್ಚ್ 31ಕ್ಕೆ ಮುಗಿಯಬೇಕಾಗಿಲ್ಲ. ಇಂದು ಊಟದ ವಿರಾಮದಲ್ಲಿ ಪ್ರತಿಯೊಬ್ಬ ಶಿಕ್ಷಕರೂ ಒಬ್ಬ ಪ್ರಾಧ್ಯಾಪಕರ ಪರಿಚಯ ಮಾಡಿಕೊಂಡು, ಮೊದಲ ಭೇಟಿಯ ದಿನವನ್ನು ನಿಗದಿಪಡಿಸಿಕೊಂಡೇ ತೆರಳಬೇಕೆಂದು ವಿನಂತಿಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.